ಬ್ಯಾಟರಿ ಕಂಡ ಕೂಡ್ಲೇ ಕರೆಂಟ್ ಮೀನು ಅನ್ಬೇಡಿ, ಗಾಳಕ್ಕೂ ಒಂದು ಚೀಟಿ ಕೊಡಿ

ಮಾನ್ಯ ಸಂಪಾದಕರೇ,

ಹೊಳೆಗೆ ಕರೆಂಟ್ ಬಿಟ್ಟು ಮೀನು ಹಿಡಿಯೋರ ಬಗ್ಗೆ ಮೊನ್ನೆ ನಿಮ್ಮ ಪತ್ರಿಕೇಲಿ ಬಂದಿದ್ದ ಸುದ್ದಿ ಓದ್ದೆ. ಬರೆದಿದ್ದು ಒಳ್ಳೇದೇ ಆಯ್ತು, ಯಾರಾದ್ರೂ ಬರೀಲೇಬೇಕಿತ್ತು. ಆದ್ರೆ ಅದ್ರ ಜೊತೆ ಹಾಕಿದ್ದ ಫೋಟೋದಲ್ಲಿ ಬ್ಯಾಟರಿ ಒಂದೇ ದೊಡ್ಡದಾಗಿ ಕಾಣ್ತಿತ್ತು, ಪಕ್ಕದಲ್ಲಿದ್ದ ಇನ್ವರ್ಟರ್ ಡಬ್ಬಿ ಅರ್ಧ ಕಟ್ಟಾಗಿ ಹೋಗಿತ್ತು. ಅವತ್ತಿಂದ ನಮ್ಮ ಕಡೆ ಎಂತ ಆಗಿದೆ ಅಂದ್ರೆ ಕೆರೆ ಏರಿ ಮೇಲೆ ಯಾರ ಕೈಯಲ್ಲಾದ್ರೂ ಬ್ಯಾಟರಿ ಕಂಡ್ರೆ ಸಾಕು, "ಹೋಯ್, ಕರೆಂಟ್ ಹಾಕೋರು ಬಂದ್ರು" ಅಂತ ಕೂಗು ಬೀಳ್ತದೆ, ನಾಲ್ಕು ಜನ ಮೊಬೈಲ್ ಹಿಡ್ಕೊಂಡು ವೀಡಿಯೋ ಮಾಡ್ತಾ ಓಡಿ ಬರ್ತಾರೆ.

ನಾನು ಸಾಗರದ ಹತ್ರ ಆಟೋ ಎಲೆಕ್ಟ್ರಿಕಲ್ ಅಂಗಡಿ ಇಟ್ಕೊಂಡೋನು, ವಾರವೆಲ್ಲ ಬ್ಯಾಟರಿ ಚಾರ್ಜ್ ಮಾಡೋದು, ಡೈನಮೋ ಬಿಚ್ಚೋದು, ಭಾನುವಾರ ಬಂತು ಅಂದ್ರೆ ಗಾಳ ಹಿಡ್ಕೊಂಡು ಯಾವ್ದಾದ್ರೂ ಕೆರೆ ಕಡೆ ಹೋಗೋದು. ಹಾಗಾಗಿ ಬ್ಯಾಟರಿ ಕಡೆಯಿಂದನೂ ಗಾಳದ ಕಡೆಯಿಂದನೂ ಈ ವಿಷಯದಲ್ಲಿ ಮಾತಾಡೋ ಹಕ್ಕು ನನಗಿದೆ ಅಂದ್ಕೊಂಡಿದೀನಿ, ಸ್ವಲ್ಪ ಉದ್ದ ಆದ್ರೂ ದಯವಿಟ್ಟು ಕತ್ತರಿ ಹಾಕದೆ ಪ್ರಕಟಿಸಿ.

ನಮ್ದು ಇಬ್ಬರು ಕೂರೋ ಒಂದು ಸಣ್ಣ ಫೈಬರ್ ದೋಣಿ. ಅದಕ್ಕೆ ಹಿಂದ್ಗಡೆ ಸಿಕ್ಕಿಸೋ ಕರೆಂಟ್ ಮೋಟಾರ್ ಇದೆ, 12 ವೋಲ್ಟಿಂದು, ಸೀಲಿಂಗ್ ಫ್ಯಾನಿನಷ್ಟೂ ಸದ್ದಿಲ್ಲ. ಪೆಟ್ರೋಲ್ ಇಂಜಿನ್ ಹಾಕಿದ್ರೆ ನೀರಿನ ಮೇಲೆ ಎಣ್ಣೆ ಬಣ್ಣಬಣ್ಣವಾಗಿ ತೇಲ್ತದೆ, ಸದ್ದಿಗೆ ಮೀನು ಅತ್ಲಾಗೆ ಓಡ್ತದೆ, ಊರಿನ ದನ ಬೇರೆ ಅದೇ ನೀರು ಕುಡಿಯೋದು. ಸೊರಬದ ಕಡೆ ಒಂದು ಕೆರೇಲಿ ನಾವು ದೋಣಿ ಇಳಿಸ್ತಿದ್ದಾಗ ದನ ಹೊಡ್ಕೊಂಡು ಬಂದಿದ್ದ ಅಜ್ಜ ಒಬ್ರು ದೊಣ್ಣೆ ಊರಿ ನಿಂತ್ಕೊಂಡು, "ಎಂತದೋ ತಮ್ಮ ಅದು, ನಮ್ಮ ಕೆರೆಗೆ ಕರೆಂಟ್ ಬಿಡ್ತೀಯನೋ?" ಅಂದ್ರು. "ಇಲ್ಲ ಅಜ್ಜ, ದೋಣಿ ತಳ್ಳೋ ಮೋಟಾರ್" ಅಂತ ಹೇಳಿ, ಕೈ ಒರೆಸ್ಕೊಂಡು ಬ್ಯಾಟರಿಯ ಎರಡು ಕಂಬಿನೂ ಒಟ್ಟಿಗೆ ಮುಟ್ಟಿ ತೋರಿಸ್ದೆ. ಅಜ್ಜ ನನ್ನ ಮುಖ ನೋಡಿದ್ರು, ಬ್ಯಾಟರಿ ನೋಡಿದ್ರು, ಆಮೇಲೆ "ಚಾರ್ಜ್ ಇಲ್ಲ ಕಾಣ್ತದೆ" ಅಂದ್ಬಿಟ್ರು! ಮೋಟಾರ್ ತಿರುಗಿಸಿ ತೋರ್ಸಿದ್ಮೇಲೇ ನಂಬಿದ್ದು.

ವಿಷಯ ಇಷ್ಟೇ. 12 ವೋಲ್ಟ್ ಡಿಸಿ ಒಣ ಕೈಗೆ ತಾಕಿದ್ರೆ ಎಂತದೂ ಗೊತ್ತಾಗಲ್ಲ. ಸ್ಪ್ಯಾನರ್ ಅಡ್ಡ ಬಿದ್ರೆ ಮಾತ್ರ ಕಿಡಿ ಹಾರಿ ಕೈ ಸುಟ್ಟೋಗ್ತದೆ, ಆ ಮಾತು ಬೇರೆ. ಮೀನು ಸಾಯಿಸೋದು ಬ್ಯಾಟರಿ ಅಲ್ಲ, ಅದ್ರ ಮುಂದೆ ಕೂತಿರೋ ಇನ್ವರ್ಟರ್. ಮನೇಲಿ ಕರೆಂಟ್ ಹೋದಾಗ ಲೈಟು ಫ್ಯಾನು ಓಡಿಸೋಕೆ 12 ವೋಲ್ಟನ್ನ 230 ವೋಲ್ಟ್ ಎಸಿ ಮಾಡೋ ಅದೇ ಡಬ್ಬೀನ ಹೆಗಲಿಗೆ ಕಟ್ಕೊಂಡು, ಎರಡು ಕೋಲಿಗೆ ತಂತಿ ಸುತ್ತಿ ಹಳ್ಳಕ್ಕೆ ಇಳೀತಾರೆ. ಇಳಿಯೋನು ತೊಡೆ ಮಟ್ಟ ನೀರಲ್ಲಿ ನಿಂತಿರ್ತಾನೆ, ಕಾಲು ಜಾರಿದ್ರೆ ಮೀನಿಗಿಂತ ಮುಂಚೆ ಅವನೇ ಹೋಗೋದು.

ಎಸಿ ಕರೆಂಟ್ ತಾಕಿದ ಕೂಡ್ಲೇ ಮೀನಿನ ಮಾಂಸಖಂಡ ಪೂರ್ತಿ ಬಿಗಿಯಾಗಿ ಸೆಟೆದುಕೊಳ್ತದೆ, ಆ ಸೆಟೆತಕ್ಕೇ ಎಷ್ಟೋ ಸಲ ಬೆನ್ನುಮೂಳೆ ಮುರಿದು ಹೋಗಿರ್ತದೆ. ಇನ್ನೊಂದು ವಿಚಾರ ಬಹಳ ಜನಕ್ಕೆ ಗೊತ್ತಿಲ್ಲ. ಮೀನು ಉದ್ದ ಇದ್ದಷ್ಟೂ ತಲೆಗೂ ಬಾಲಕ್ಕೂ ನಡುವೆ ಬೀಳೋ ವೋಲ್ಟೇಜ್ ಜಾಸ್ತಿ, ಅಂದ್ರೆ ಮೊದ್ಲು ಹೊಡೆತ ತಿನ್ನೋದು ಮೊಟ್ಟೆ ತುಂಬಿರೋ ದೊಡ್ಡ ಮೀನೇ. ಬೀಜದ ಮೀನನ್ನೇ ತೆಗೆದುಬಿಟ್ರೆ ಮುಂದಿನ ವರ್ಷ ಹಳ್ಳದಲ್ಲಿ ಎಂತ ಹುಟ್ತದೆ? ಮತ್ತೆ ಸತ್ತಿದ್ದೆಲ್ಲ ತೇಲಲ್ಲ, ಬೇಕಾದಷ್ಟು ತಳಕ್ಕೆ ಕೂತು ಅಲ್ಲೇ ಕೊಳೀತದೆ, ಏಡಿ, ಕಪ್ಪೆ ಎಲ್ಲ ಅದ್ರ ಜೊತೆಗೇ ಹೋಗೋದು. ಆ ಮೀನನ್ನೇ ನಂಬಿದ ನೀರುನಾಯಿ ಇನ್ನೆಲ್ಲಿಗೆ ಹೋಗ್ಬೇಕು ಹೇಳಿ.

ಇದ್ರ ಅಣ್ಣ ತಮ್ಮಂದಿರೂ ಇದಾರೆ. ಬೇಸಿಗೇಲಿ ಹೊಳೆ ಬತ್ತಿ ಗುಂಡಿ ಗುಂಡಿ ಆದಾಗ ಬ್ಲೀಚಿಂಗ್ ಪೌಡರ್ ಸುರಿಯೋರು, ತೋಟಕ್ಕೆ ಬೋರ್ಡೋ ಔಷಧಿ ಹೊಡೆಯೋಕೆ ತಂದ ಮೈಲುತುತ್ತ ಕಲಸಿ ಬಿಡೋರು, ತೋಟೆ ಅನ್ನೋ ಸಿಡಿಮದ್ದು ಎಸೆಯೋರು. ಸಿಡಿಮದ್ದು ಹಾಕಿ, ವಿಷ ಹಾಕಿ ಮೀನು ಕೊಲ್ಲೋದು ಅಪರಾಧ ಅಂತ ಬ್ರಿಟಿಷರು 1897ರಲ್ಲೇ ಕಾಯ್ದೆ ಮಾಡಿದ್ರು, ನಮ್ಮ ರಾಜ್ಯದ್ದೇ ಒಳನಾಡು ಮೀನುಗಾರಿಕೆ ಕಾಯ್ದೆ 1996ರದ್ದು ಇದೆ. ಕಾಯ್ದೆಗೇನೂ ಬರ ಇಲ್ಲ, ರಾತ್ರಿ ಹತ್ತು ಗಂಟೆಗೆ ಮಳೇಲಿ ಹಳ್ಳದ ಹತ್ರ ಯಾರೂ ಇರಲ್ಲ ಅಷ್ಟೇ.

ನನ್ನ ಅಂಗಡಿಗೂ ಬರ್ತಾರೆ ಮಾರಾಯ್ರೆ. ಬೈಕಲ್ಲಿ ಹಳೇ ಇನ್ವರ್ಟರ್ ಇಟ್ಕೊಂಡು ಬಂದು, "ಅಣ್ಣ ಇದ್ರದ್ದು ಪವರ್ ಸ್ವಲ್ಪ ಜಾಸ್ತಿ ಮಾಡಿ ಕೊಡಿ" ಅಂತಾರೆ. ಎಂತಕ್ಕೆ ಅಂದ್ರೆ "ಮನೆಗೆ" ಅಂತಾರೆ, ಡಬ್ಬಿಗೆ ಅಂಟಿರೋ ಕೆಸರು, ಒಣಗಿದ ಪಾಚಿ, ಮೀನಿನ ವಾಸನೆ ಬೇರೇನೇ ಹೇಳ್ತಿರ್ತದೆ. ನಾನು ಮುಟ್ಟಲ್ಲ ಅಂತ ಕಳಿಸ್ತೀನಿ, ಇನ್ನೆಲ್ಲೋ ಮಾಡಿಸ್ಕೊಳ್ತಾರೆ. ಇನ್ವರ್ಟರ್ ರಿಪೇರಿ ಮಾಡೋ ನನ್ನಂಥೋರಿಗೆ ಮೀನುಗಾರಿಕೆ ಇಲಾಖೆಯಿಂದಲೋ ಪೊಲೀಸರಿಂದಲೋ ಒಂದು ಸಲ ಕರೆದು, ಹೀಗೆ ಬಂದ್ರೆ ಮಾಡ್ಕೊಡ್ಬೇಡಿ, ನಮಗೊಂದು ಮಾತು ತಿಳಿಸಿ ಅಂತ ಹೇಳಿದ್ರೆ ಕಾಡಲ್ಲಿ ಟಾರ್ಚ್ ಹಿಡ್ಕೊಂಡು ಹುಡುಕೋದಕ್ಕಿಂತ ಸುಲಭ ಅಲ್ವಾ.

ಈಗ ದೋಣಿ ಬ್ಯಾಟರಿ ವಿಚಾರ ಹೇಳ್ಬಿಡ್ತೀನಿ, ಯಾಕಂದ್ರೆ ಇತ್ತೀಚೆಗೆ ಶಿವಮೊಗ್ಗ, ತೀರ್ಥಹಳ್ಳಿ ಕಡೆಯ ಹುಡುಗ್ರು ಬಹಳ ಜನ ಆನ್‌ಲೈನಲ್ಲಿ ಈ ಮೋಟಾರ್ ತರಿಸ್ತಿದಾರೆ, ತರಿಸಿ ಮನೆ ಕಾರಿನ ಬ್ಯಾಟರಿ ಬಿಚ್ಚಿ ಸಿಕ್ಕಿಸ್ತಾರೆ, ನಾಲ್ಕು ತಿಂಗಳಿಗೆ ಕಾರೂ ಸ್ಟಾರ್ಟಾಗಲ್ಲ ದೋಣಿನೂ ಹೋಗಲ್ಲ. ಕಾರಿನ ಬ್ಯಾಟರಿ ಇರೋದು ಸೆಲ್ಫ್ ಹೊಡೆಯೋ ಆ ಎರಡು ಸೆಕೆಂಡಿಗೆ ದಂಡಿಯಾಗಿ ಕರೆಂಟ್ ಕೊಡೋಕೆ, ಅದ್ರ ಪ್ಲೇಟು ತೆಳು, ಪೂರ್ತಿ ಖಾಲಿ ಮಾಡಿ ಮಾಡಿ ತುಂಬಿಸಿದ್ರೆ ಬಾಳಲ್ಲ. ಮನೆ ಇನ್ವರ್ಟರಿನ ಟ್ಯೂಬುಲರ್ ಬ್ಯಾಟರಿ ಆ ಕೆಲಸಕ್ಕೆ ಗಟ್ಟಿ ಇದೆ, ಆದ್ರೆ 150 ಆಂಪಿಯರ್ ಅವರ್‌ದು 50 ಕೆಜಿ ದಾಟ್ತದೆ, ಕೆಸರಲ್ಲಿ ಕಾಲು ಹೂತುಕೊಂಡು ಅದನ್ನ ಎತ್ತಿ ದೋಣಿಗಿಡೋದು ಅಂದ್ರೆ ಸೊಂಟದ ಆಸೆ ಬಿಟ್ಟಂಗೆ. ಮೇಲಾಗಿ ದೋಣಿ ವಾಲಿದ್ರೆ ಆಸಿಡ್ ಚೆಲ್ತದೆ. ಇನ್ನು ಮನೆ ಬ್ಯಾಟರಿ ಕೆರೇಲಿದ್ದಾಗಲೇ ಮನೇಲಿ ಕರೆಂಟ್ ಹೋಗೋದು, ಮಲೆನಾಡಲ್ಲಿ ಅದು ಗ್ಯಾರಂಟಿ, ಸಂಜೆ ಮನೆಯವಳ ಹತ್ರ ಎಂತ ಕೇಳ್ಬೇಕಾಗ್ತದೆ ಅನ್ನೋದನ್ನ ಇಲ್ಲಿ ಬರೆಯೋದು ಬೇಡ.

ಸೀಲ್ ಆಗಿರೋ ಡೀಪ್ ಸೈಕಲ್ ಬ್ಯಾಟರಿ (ಮತ್ತೆ ಮತ್ತೆ ಇಳಿಸಿ ತುಂಬಿಸೋಕೆ ಅಂತಲೇ ಮಾಡಿರೋದು) ತಗೊಳ್ಳಿ, ದುಡ್ಡಿದ್ರೆ ಲಿಥಿಯಂ ಫಾಸ್ಫೇಟ್ ತಗೊಳ್ಳಿ, 100 ಆಂಪಿಯರ್ ಅವರ್‌ದು ಹನ್ನೆರಡು ಕೆಜಿ ಆಸುಪಾಸು ಬರ್ತದೆ, ಒಂದೇ ಕೈಯಲ್ಲಿ ಹಿಡ್ಕೊಂಡು ಹೋಗ್ಬೋದು, ಅದಕ್ಕೆ ಅದ್ರದ್ದೇ ಚಾರ್ಜರ್ ಬೇಕು ಅಷ್ಟೇ. ಲೆಕ್ಕ ಹೆಂಗೆ ಅಂದ್ರೆ, 30 ಪೌಂಡ್ ಥ್ರಸ್ಟಿನ (ಅಂದ್ರೆ ತಳ್ಳೋ ಬಲದ) ಮೋಟಾರು ಫುಲ್ ಸ್ಪೀಡಲ್ಲಿ ಸುಮಾರು 30 ಆಂಪಿಯರ್ ಎಳೀತದೆ, 100ರ ಬ್ಯಾಟರಿ ಮೂರು ಗಂಟೆ ಬರ್ಬೇಕು ಅಂತ ಹುಡುಗ್ರು ಅಂದ್ಕೊಳ್ತಾರೆ. ಸೀಸದ ಬ್ಯಾಟರೀನ ಅರ್ಧಕ್ಕಿಂತ ಕೆಳಗೆ ಇಳಿಸಿದಷ್ಟೂ ಅದ್ರ ಆಯಸ್ಸು ಕಮ್ಮಿ, ಅದಕ್ಕೆ ಒಂದೂವರೆ ಗಂಟೆ ಅಂತ ಇಟ್ಕೊಳ್ಳಿ, ನಿಧಾನಕ್ಕೆ ಹೋದ್ರೆ ಅದ್ರ ಎರಡು ಮೂರು ಪಟ್ಟು ಬರ್ತದೆ. ಮೀನು ಹಿಡಿಯೋಕೆ ಹೋಗೋನಿಗೆ ಎಂತ ಅವಸರ! ಒಂದು ಮಲ್ಟಿಮೀಟರ್ ಇಟ್ಕೊಂಡಿರಿ. ಮೋಟಾರ್ ನಿಲ್ಲಿಸಿ ಸ್ವಲ್ಪ ಹೊತ್ತು ಬಿಟ್ಟು ನೋಡಿದಾಗ ಸೀಸದ ಬ್ಯಾಟರಿ 12.7 ವೋಲ್ಟ್ ತೋರಿಸಿದ್ರೆ ಫುಲ್, 12.2 ಅಂದ್ರೆ ಅರ್ಧ, ವಾಪಸ್ ದಡಕ್ಕೆ ತಿರುಗಿ. ಪಾಸಿಟಿವ್ ವೈರಿಗೆ ಬ್ಯಾಟರಿ ಪಕ್ಕದಲ್ಲೇ ಫ್ಯೂಸ್ ಹಾಕ್ಲೇಬೇಕು, ಬ್ಯಾಟರೀನ ಪ್ಲಾಸ್ಟಿಕ್ ಡಬ್ಬೀಲಿಟ್ಟು ದೋಣಿಗೆ ಬೆಲ್ಟಲ್ಲಿ ಬಿಗೀಬೇಕು. ಮತ್ತೆ ಮಳೆಗಾಲ ಪೂರ್ತಿ ಖಾಲಿ ಬ್ಯಾಟರಿ ಕೊಟ್ಟಿಗೆ ಮೂಲೇಲಿ ಬಿಟ್ಟು ನವರಾತ್ರಿಗೆ ತೆಗೆದು "ಕಂಪನಿ ಮಾಲೇ ಸರಿ ಇಲ್ಲ" ಅಂತ ನನ್ನ ಅಂಗಡಿಗೆ ತರ್ಬೇಡಿ. ಖಾಲಿ ಇಟ್ಟ ಸೀಸದ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತ್ಬಿಡ್ತದೆ, ಆಮೇಲೆ ಯಾವ ಚಾರ್ಜರಿಗೂ ಏಳಲ್ಲ. ತಿಂಗಳಿಗೊಂದ್ಸಲ ಚಾರ್ಜಿಗೆ ಹಾಕಿ.

ಹಾಳಾದ ಬ್ಯಾಟರೀನ ಕೆರೆ ದಂಡೇಲಿ ಎಸೆದು ಹೋಗೋರೂ ಇದಾರೆ, ಕರೆಂಟ್ ಹಾಕೋರದ್ದೇ ಅದು ಜಾಸ್ತಿ. ಅದರೊಳಗೆ ಸೀಸ, ಆಸಿಡ್ ಇರೋದು. ಹಳೇ ಬ್ಯಾಟರಿ ವಾಪಸ್ ತಗೊಂಡು ಮರುಬಳಕೆಗೆ ಕಳಿಸೋ ಜವಾಬ್ದಾರಿ ತಯಾರಕರದ್ದು ಅಂತ 2022ರಲ್ಲಿ ನಿಯಮ ಬಂದಿದೆ, ಅಷ್ಟಕ್ಕೂ ಯಾವ ಅಂಗಡಿಗೆ ಕೊಟ್ರೂ ಸೀಸದ ತೂಕಕ್ಕೆ ದುಡ್ಡು ಸಿಗ್ತದೆ.

ಲಿಂಗನಮಕ್ಕಿ ಹಿನ್ನೀರಲ್ಲಿ ನಮ್ಮಂಥೋರು ಮೋಟಾರ್ ಇಟ್ಕೊಂಡು ಸುಮ್ಮನೆ ಇಳಿಯೋ ಹಾಗಿಲ್ಲ, ಅನುಮತಿ ಬೇಕು, ಒಂದಿಷ್ಟು ಭಾಗ ಅಭಯಾರಣ್ಯಕ್ಕೂ ಸೇರಿದೆ. ಅದು ಸರಿನೇ. 1964ರಲ್ಲಿ ಡ್ಯಾಮಾದಾಗ ಮುಳುಗಿದ ಮರಗಳ ಬೊಡ್ಡೆ ಬೇಸಿಗೇಲಿ ನೀರಿಳಿದಾಗ ಇವತ್ತಿಗೂ ತಲೆ ಎತ್ತುತ್ತವೆ, ಒಂದು ಗೇಣು ನೀರಿನ ಕೆಳಗಿದ್ರೆ ಕಣ್ಣಿಗೂ ಬೀಳಲ್ಲ. ಮೋಟಾರಿನ ಫ್ಯಾನ್ ಹೋಗಿ ಬೊಡ್ಡೆಗೆ ಬಡಿದ್ರೆ ಒಳಗಿನ ಪಿನ್ ಕಟ್ಟಾಗ್ತದೆ (ಮೋಟಾರ್ ಉಳೀಲಿ ಅಂತಲೇ ಅದನ್ನ ಮೆತ್ತಗೆ ಮಾಡಿರ್ತಾರೆ), ಮಧ್ಯಾಹ್ನದ ಮೇಲೆ ಗಾಳಿ ಎದ್ದಾಗ ಹುಟ್ಟು ತಂದಿಲ್ಲ ಅಂದ್ರೆ ದೇವರೇ ಗತಿ. ಕೆರೆಗಳಲ್ಲಿ ಬೊಡ್ಡೆ ಬದಲು ತಾವರೆ ಬಳ್ಳಿ, ಜೊಂಡು. ಫ್ಯಾನಿಗೆ ಸುತ್ಕೊಂಡ್ರೆ ಮೋಟಾರ್ ಬಿಸಿಯಾಗಿ ಬ್ಯಾಟರಿ ಗಬಗಬ ಅಂತ ಇಳೀತದೆ, ಸ್ವಿಚ್ ಆಫ್ ಮಾಡಿ ವೈರ್ ತೆಗೆದ್ಮೇಲೇ ಕೈ ಹಾಕಿ ಬಿಡಿಸ್ಬೇಕು. ಲೈಫ್ ಜಾಕೆಟ್ ಇಲ್ದೆ ದೋಣಿ ಹತ್ತೋರ ಹತ್ರ ನಾನು ಮಾತೇ ಆಡಲ್ಲ.

ಗಾಳದ ಸಾಮಾನಿನ ವಿಚಾರಕ್ಕೆ ಬಂದ್ರೆ, ಮುಂಚೆ ನಮಗೆ ಬಿದಿರ ಕೋಲು, ಬೆಂಡಿನ ಚೂರು, ಎರೆಹುಳ ಇದ್ರೆ ಆಯ್ತು. ಈಗ ಮಡಚೋ ರಾಡು, ರೀಲು, ಕೊರವ ಮೀನಿಗೆ ರಬ್ಬರ್ ಕಪ್ಪೆ ಎಲ್ಲ ಬಂದಿದೆ, ಸಾಮಾನು ಒಳ್ಳೇದೇ. ಗೆಂಡೆ ಮೀನಿಗೆ ಮಾತ್ರ ನಮ್ಮ ಕಡ್ಲೆ ಹಿಂಡಿ, ನೆನೆಸಿದ ಅವಲಕ್ಕಿ, ಗೋಧಿ ಹಿಟ್ಟು ಕಲಸಿದ ಮುದ್ದೆ ಬಿಟ್ರೆ ಇಲ್ಲ, ಅಂಗಡಿ ಪ್ಯಾಕೆಟಿಗೆ ದುಡ್ಡು ಹಾಕ್ಬೇಡಿ. ನನ್ನ ತಕರಾರು ದಾರದ್ದು. ಹತ್ತಿ ದಾರ ಕೊಳೀತಿತ್ತು, ಈ ನೈಲಾನ್ ವರ್ಷಗಟ್ಟಲೆ ಹಾಗೇ ಇರ್ತದೆ. ಗಂಟು ಬಿದ್ದ ಮೇಲೆ ಕತ್ತರಿಸಿ ಗಿಡಕ್ಕೆ ಎಸೆದು ಹೋಗ್ತಾರೆ. ಕೆರೆ ಕೋಡಿ ಹತ್ರ ಒಂದು ಬೆಳ್ಳಕ್ಕಿಯ ಎರಡೂ ಕಾಲಿಗೆ ಅದು ಸುತ್ಕೊಂಡು, ಎಳೆದಷ್ಟೂ ಬಿಗಿಯಾಗಿ ಚರ್ಮದೊಳಗೇ ಇಳಿದಿತ್ತು, ನಾನೂ ಜೊತೆಗಾರನೂ ಟವೆಲ್ ಹಾಕಿ ಹಿಡಿದು ಉಗುರು ಕತ್ತರಿಸೋ ಕಟರಲ್ಲಿ ಒಂದೊಂದೇ ಸುತ್ತು ಬಿಡಿಸ್ಬೇಕಾಯ್ತು, ಅದು ಅಷ್ಟೊತ್ತೂ ನನ್ನ ಮೊಣಕೈ ಕುಕ್ತಾನೇ ಇತ್ತು. ಮಂಡಗದ್ದೆಯಲ್ಲಿ ತುಂಗೆ ನಡುವಿನ ಮರಗಳ ಮೇಲೆ ಮಳೆಗಾಲದಲ್ಲಿ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿ ಗೂಡು ಕಟ್ತವಲ್ಲ, ಮೀನು ಹುಡುಕ್ಕೊಂಡು ಅವೂ ಇದೇ ಹೊಳೆ ಇದೇ ಗದ್ದೆಗೆ ಬರೋದು. ಇಂಗ್ಲೆಂಡಲ್ಲಿ ಗಾಳದ ಸೀಸದ ಗುಂಡು ನುಂಗಿ ಹಂಸ ಸಾಯ್ತವೆ ಅಂತ 1987ರಲ್ಲೇ ಸಣ್ಣ ಸೀಸದ ಗುಂಡು ನಿಲ್ಲಿಸಿದ್ರು. ನಾವು ಹಳೇ ಬೋಲ್ಟ್ ನಟ್ ಕಟ್ತೀವಿ, ಪುಕ್ಕಟೆ, ಕೆಲಸನೂ ಆಗ್ತದೆ.

ಇಷ್ಟೆಲ್ಲ ಹೇಳಿದ್ಮೇಲೆ ಕೇಳೋದು ಒಂದೇ. ಗಾಳ ಹಾಕೋರಿಗೂ ಕೆರೆಗಳಲ್ಲಿ ದುಡ್ಡು ತಗೊಂಡು ದಿನದ ಅನುಮತಿ ಚೀಟಿ ಕೊಡಿ.

ಕಾಟ್ಲಾ, ರೋಹು ನಿಂತ ನೀರಲ್ಲಿ ಮರಿ ಮಾಡಲ್ಲ, ಅವಕ್ಕೆ ಮಳೆಗಾಲದ ಹರಿಯೋ ಹೊಳೆನೇ ಬೇಕು. ಹಾಗಾಗಿ ಕೆರೇಲಿ ಇರೋ ಕಾಟ್ಲಾ ಯಾರೋ ದುಡ್ಡು ಕೊಟ್ಟು ಮರಿ ತಂದು ಬಿಟ್ಟಿದ್ದು, ಒಂದೋ ಮೀನುಗಾರರ ಸಂಘದವರು, ಇಲ್ಲ ಹರಾಜಲ್ಲಿ ಕೆರೆ ಹಿಡಿದವರು. ನಾವು ಅದನ್ನ ಬಿಟ್ಟಿ ಹಿಡೀತೀವಿ ಅಂದ್ರೆ ಅವ್ರಿಗೆ ಸಿಟ್ಟು ಬರೋದು ನ್ಯಾಯವೇ. ಆದ್ರೆ ದುಡ್ಡು ಕೊಡ್ತೀವಿ ಅಂದ್ರೂ ಯಾರ ಹತ್ರ ಕೊಡೋದು? ಒಂದು ಕಚೇರಿಗೆ ಹೋದ್ರೆ "ಅದು ಗುತ್ತಿಗೆದಾರರನ್ನ ಕೇಳಿ" ಅಂತಾರೆ, ಗುತ್ತಿಗೆದಾರರು ಊರಲ್ಲಿರಲ್ಲ, ಪಂಚಾಯ್ತೀಲಿ ಕೇಳಿದ್ರೆ "ನಮಗೆ ಬರಲ್ಲ ಅದು". ಕೊನೆಗೆ ಕಾವಲಿನ ಹುಡುಗನ ಕೈಗೆ ನೂರು ರೂಪಾಯಿ ಇಟ್ಟು ಕೂರೋದು, ಅದಕ್ಕೆ ರಸೀದಿನೂ ಇಲ್ಲ ಲೆಕ್ಕವೂ ಇಲ್ಲ, ನಾಳೆ ಇನ್ಯಾರೋ ಬಂದು ಎಬ್ಬಿಸಿದ್ರೆ ತೋರಿಸೋಕೆ ಕೈಲಿ ಕಾಗದವೂ ಇಲ್ಲ.

ಇದು ಹೊಸದಾಗಿ ಕಂಡುಹಿಡಿಯೋ ವ್ಯವಸ್ಥೆ ಏನಲ್ಲ. ಸಾಗರ, ಸೊರಬ, ಶಿಕಾರಿಪುರದ ಕಡೆ ಬೇಸಿಗೇಲಿ ನೀರಿಳಿದ ಕೆರೇಲಿ ಎಲ್ಲರೂ ಒಟ್ಟಿಗೆ ಇಳಿದು ಮೀನು ಹಿಡಿಯೋ ಕೆರೆ ಬೇಟೆ ಮಾಡ್ತಾರಲ್ಲ, ಅಲ್ಲಿ ಒಂದೊಂದು ಕೂಣಿಗೆ (ಮೀನಿನ ಮೇಲೆ ಒತ್ತಿ ಹಿಡಿಯೋ ಬುಟ್ಟಿ) ಇಷ್ಟು ಅಂತ ಊರವರು ದುಡ್ಡು ತಗೊಳ್ತಾರೆ, ಚೀಟಿ ತಗೊಂಡೋರು ಸಾಲಾಗಿ ದಂಡೇಲಿ ನಿಲ್ತಾರೆ, ಹೇಳೋವರೆಗೂ ಒಬ್ಬನೂ ನೀರಿಗೆ ಕಾಲಿಡಲ್ಲ, ಹೇಳಿದ ಕೂಡ್ಲೇ ನೂರಾರು ಜನ ಕೂಣಿ ಒತ್ತುತ್ತಾ ಮೇಲಿನ ಕಿಂಡೀಲಿ ಕೈ ಹಾಕಿ ಕೆಸರು ತಡಕ್ತಾರೆ. ಅಷ್ಟು ಜನಜಾತ್ರೆನೇ ಊರವರು ಸಂಭಾಳಿಸ್ತಾರೆ, ಬಂದ ದುಡ್ಡು ದೇವಸ್ಥಾನಕ್ಕೋ ಊರ ಕೆಲಸಕ್ಕೋ ಹೋಗ್ತದೆ. ಕೂಣಿಗೆ ಇರೋ ಚೀಟಿ ಗಾಳಕ್ಕೆ ಯಾಕಿರ್ಬಾರ್ದು? ಒಬ್ಬರಿಗೆ ಎರಡು ರಾಡು, ಸೂರ್ಯ ಮುಳುಗೋವರೆಗೆ ಮಾತ್ರ, ಅರ್ಧ ಕೆಜಿ ಒಳಗಿನದು ವಾಪಸ್ ನೀರಿಗೆ, ಬಿಡೋವಾಗ ಕೈ ಒದ್ದೆ ಮಾಡ್ಕೊಂಡೇ ಹಿಡೀಬೇಕು, ಒಣ ಕೈಗೆ ಮೀನಿನ ಮೈ ಮೇಲಿನ ಲೋಳೆ ಕಿತ್ತು ಬರ್ತದೆ. ಜೂನ್ ಜುಲೈಯಲ್ಲಿ ಮೊಟ್ಟೆ ಕಾಲ, ಪೂರ್ತಿ ಬಂದ್. (ಹತ್ತುಮೀನು ಕಡಿಯೋಕೆ ಮೊದಲ ಮಳೆಗೇ ಕತ್ತಿ ಮಸೆಯೋ ನಮ್ಮ ಜನ ಇದನ್ನ ಓದಿ ನನಗೆ ಬೈತಾರೆ, ಬೈಲಿ. ಹೊಟ್ಟೆ ತುಂಬ ಮೊಟ್ಟೆ ಇಟ್ಕೊಂಡು ಗದ್ದೆಗೆ ಹತ್ತೋ ಮೀನನ್ನ ರಾಶಿ ರಾಶಿ ಹೊಡೆದು, ಹೊಳೇಲಿ ಮೀನೇ ಇಲ್ಲ ಅಂತ ಆಮೇಲೆ ಅಳೋದ್ಯಾಕೆ.)

ಚೀಟಿ ಕೊಟ್ರೆ ಇನ್ನೊಂದು ಲಾಭ ಇದೆ. ಗಾಳದೋನು ಬೆಳಿಗ್ಗೆ ಆರಕ್ಕೆ ಬಂದು ಕೂತ್ರೆ ಸಂಜೆವರೆಗೂ ಏಳಲ್ಲ, ನೀರಿನ ಕಡೆನೇ ನೋಡ್ತಿರ್ತಾನೆ. ರಾತ್ರಿ ಕರೆಂಟ್ ಹಾಕಿ ಹೋಗಿದ್ರೆ ಬೆಳಿಗ್ಗೆ ಮೊದಲು ಕಾಣೋದು ಅವನಿಗೇ, ದಂಡೇಲಿ ಬಿಳಿ ಹೊಟ್ಟೆ ಮೇಲೆ ಮಾಡ್ಕೊಂಡು ಬಿದ್ದ ಬೆರಳುದ್ದದ ಮರಿಗಳು. ಈಗ ಅವನು ಯಾರಿಗೂ ಹೇಳಲ್ಲ, ಯಾಕಂದ್ರೆ ಅವನೇ ಚೀಟಿ ಇಲ್ದೆ ಕೂತಿರೋನು. ಜೇಬಲ್ಲಿ ರಸೀದಿ ಇದ್ರೆ ಧೈರ್ಯವಾಗಿ ಫೋನ್ ಮಾಡ್ತಾನೆ.

ಅದಕ್ಕೆ ಗುತ್ತಿಗೆ ಕೊಟ್ಟ ಪ್ರತಿ ಕೆರೆ ಏರಿ ಮೇಲೆ ಒಂದು ಬೋರ್ಡ್ ಹಾಕ್ಸಿ. ಕೆರೆ ಯಾರದ್ದು, ಗಾಳದ ಚೀಟಿ ಎಷ್ಟು, ಎಲ್ಲಿ ಸಿಗ್ತದೆ, ಕರೆಂಟ್ ಹಾಕೋರು ಕಂಡ್ರೆ ಯಾವ ನಂಬರಿಗೆ ಹೇಳ್ಬೇಕು, ಇಷ್ಟು ಬರೆದಿದ್ರೆ ಸಾಕು. ಸಂಘದವರು ಒಪ್ಪೋದಾದ್ರೆ ಸಾಗರ ಸುತ್ತಲಿನ ಒಂದೆರಡು ಕೆರೆಗೆ ಬೋರ್ಡಿನ ಖರ್ಚು ನಾನು ಮತ್ತೆ ನನ್ನ ಗಾಳದ ಜೊತೆಗಾರರು ಹಾಕ್ಕೊಳ್ತೀವಿ, ನನ್ನ ವಿಳಾಸ ನಿಮ್ಮ ಕಚೇರಿಗೆ ಬೇರೆ ಹಾಳೇಲಿ ಬರೆದು ಕಳಿಸಿದೀನಿ, ಅದನ್ನ ಅಚ್ಚು ಹಾಕ್ಬೇಡಿ, ಕೇಳ್ಕೊಂಡು ಬಂದ ಸಂಘದವರಿಗೆ ಮಾತ್ರ ಕೊಡಿ. ಮತ್ತೆ ನಿಮ್ಮ ವರದಿಗಾರರಿಗೆ ಒಂದು ಮಾತು ಹೇಳಿ, ಮುಂದಿನ ಸಲ ಫೋಟೋ ತೆಗೆಯೋವಾಗ ಇನ್ವರ್ಟರ್ ಪೂರ್ತಿ ಬರೋ ಹಾಗೆ ತೆಗೀಲಿ.

ಇಂತಿ,
ನಿಮ್ಮ ಓದುಗ, ಸಾಗರ ತಾಲ್ಲೂಕು